ಆಂಡ್ರಾಯ್ಡ್‌ನಿಂದ ಐಫೋನ್‌ಗೆ: ಮೊದಲ ದಿನಗಳ ಪಾಠ

ವರ್ಷಗಟ್ಟಲೆ ಆಂಡ್ರಾಯ್ಡ್ ಬಳಸಿದವರು ಐಫೋನ್ ಹಿಡಿದಾಗ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇದರಲ್ಲಿ ಹಿಂದಕ್ಕೆ ಹೋಗುವುದು ಹೇಗೆ? ಆಂಡ್ರಾಯ್ಡ್‌ನಲ್ಲಿ ನೀವು ಯಾವ ಆ್ಯಪ್‌ನಲ್ಲಿದ್ದರೂ ಬ್ಯಾಕ್ ಎಂಬುದು ಒಂದೇ ಜಾಗದಲ್ಲಿ ಸಿಗುತ್ತದೆ. ಐಫೋನ್‌ನಲ್ಲಿ ಹಾಗೆ ಎಲ್ಲ ಕಡೆಗೂ ಸಲ್ಲುವ ಬಟನ್ ಇಲ್ಲ. ಗಾಬರಿ ಬೇಡ, ಒಂದು ಸೂತ್ರ ನೆನಪಿಟ್ಟರೆ ಸಾಕು. ಪರದೆ ಯಾವ ಕಡೆಯಿಂದ ಬಂತೋ ಆ ಕಡೆಗೇ ಅದನ್ನು ವಾಪಸ್ ಕಳಿಸಿ. ಬಲದಿಂದ ಸರಿದು ಬಂದ ಪುಟವನ್ನು, ಎಡ ಅಂಚಿನಲ್ಲಿ ಬೆರಳಿಟ್ಟು ಬಲಕ್ಕೆ ತಳ್ಳಿ. ಕೆಳಗಿನಿಂದ ಮೇಲೆದ್ದು ಬಂದದ್ದನ್ನು ಕೆಳಕ್ಕೆ ಎಳೆಯಿರಿ. ದೊಡ್ಡದಾಗಿ ತೆರೆದ ಫೋಟೋಕ್ಕೂ ಕೆಳಕ್ಕೆ ಎಳೆಯುವುದೇ ದಾರಿ. ಎರಡೂ ನಡೆಯದಿದ್ದರೆ ಮೇಲಿನ ಮೂಲೆಗಳನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ ಒಂದು ಬಾಣವೋ ‘ಡನ್’ ಎಂಬ ಪದವೋ ಇರುತ್ತದೆ.

2017ರಲ್ಲಿ ಬಂದ ಐಫೋನ್ ಎಕ್ಸ್‌ನಿಂದ ಕೆಳಗಿನ ಗುಂಡು ಬಟನ್ನೂ ಹೋಯಿತು. ಈಗ ಕೆಳ ಅಂಚಿನಿಂದ ಮೇಲಕ್ಕೆ ಸರಿಸಿದರೆ ಹೋಮ್. ಅರ್ಧಕ್ಕೆ ಸರಿಸಿ ಬೆರಳನ್ನು ಅಲ್ಲೇ ಕ್ಷಣ ಹಿಡಿದರೆ, ತೆರೆದಿಟ್ಟ ಆ್ಯಪ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಮೇಲಿನ ಬಲ ಮೂಲೆಯಿಂದ ಕೆಳಗೆಳೆದರೆ ವೈಫೈ, ಟಾರ್ಚ್ ಇತ್ಯಾದಿ. ಮೇಲೆ ನಡುವಿನಿಂದ ಎಳೆದರೆ ನೋಟಿಫಿಕೇಶನ್. ಬೇರೆ ಏನನ್ನೂ ಕಲಿಯುವ ಮುನ್ನ ಇಷ್ಟನ್ನೇ ಸುಮ್ಮನೆ ಕೂತು ಮಾಡಿ ನೋಡಿ. ತಲೆಗೆ ತಿಳಿದ ಮೇಲೂ ಬೆರಳಿಗೆ ತಿಳಿಯಲು ಕೆಲವು ದಿನ ಬೇಕು.

ಇನ್ನು ಸಿಮ್ ವಿಚಾರ. ನಮ್ಮಲ್ಲಿ ಬಹಳ ಜನರ ಬಳಿ ಎರಡು ಸಿಮ್ ಇರುತ್ತವೆ. ಭಾರತದಲ್ಲಿ ಮಾರುವ ಐಫೋನ್‌ಗಳಲ್ಲಿ ಎರಡು ಸಿಮ್ ಕಾರ್ಡ್ ಹಾಕಲು ಜಾಗವಿಲ್ಲ. ಒಂದು ನಂಬರನ್ನಾದರೂ ಇ-ಸಿಮ್, ಅಂದರೆ ಕಾರ್ಡಿಲ್ಲದ ಸಿಮ್, ಮಾಡಿಸಬೇಕು. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಂದ ಫೋನ್ ತಂದುಕೊಡುವುದಾದರೆ ಇನ್ನೂ ಎಚ್ಚರ ಬೇಕು. 2022ರ ಐಫೋನ್ 14ರಿಂದೀಚೆಗೆ ಅಲ್ಲಿ ಮಾರುವ ಫೋನ್‌ಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಎಲ್ಲವೂ ಇ-ಸಿಮ್. ನಂಬರನ್ನು ಇ-ಸಿಮ್‌ಗೆ ಬದಲಾಯಿಸಿದ ಮೇಲೆ ಒಂದು ದಿನ ಎಸ್ಸೆಮ್ಮೆಸ್ ನಿಲ್ಲುವುದುಂಟು. ಬ್ಯಾಂಕಿನ ಕೆಲಸವಿಲ್ಲದ ದಿನ ನೋಡಿಕೊಂಡೇ ಇದಕ್ಕೆ ಕೈಹಾಕಿ.

ಹಳೆಯ ಫೋನಿನಲ್ಲಿರುವುದನ್ನು ಹೊಸದಕ್ಕೆ ತರಲು ‘ಮೂವ್ ಟು ಐಒಎಸ್’ ಎಂಬ ಆ್ಯಪ್ ಇದೆ. ಅದನ್ನು ಆಂಡ್ರಾಯ್ಡ್ ಫೋನಿನಲ್ಲಿ ಹಾಕಿಕೊಳ್ಳಬೇಕು. ಇದು ಕೆಲಸ ಮಾಡುವುದು ಐಫೋನನ್ನು ಮೊದಲ ಸಲ ಸಿದ್ಧಪಡಿಸುವಾಗ. ಆಮೇಲೆ ಮಾಡೋಣ ಎಂದು ಮುಂದೆ ಹೋದರೆ, ಐಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ವಾಟ್ಸ್ಆ್ಯಪ್ ಇರುವವರಿಗೆ ಇದು ಮುಖ್ಯ. ಆಂಡ್ರಾಯ್ಡ್ ವಾಟ್ಸ್ಆ್ಯಪ್‌ನ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ, ಐಫೋನ್ ಅದನ್ನು ಓದುವುದಿಲ್ಲ. 2022ರಿಂದ ವಾಟ್ಸ್ಆ್ಯಪ್ ಮಾತುಕತೆಯನ್ನೂ ಇದೇ ದಾರಿಯಲ್ಲಿ ತರಬಹುದು, ನಂಬರ್ ಮಾತ್ರ ಅದೇ ಇರಬೇಕು. ಎರಡೂ ಫೋನ್‌ಗಳನ್ನು ಚಾರ್ಜಿಗೆ ಹಾಕಿ, ಮುಗಿಯುವವರೆಗೆ ಹಳೆಯ ಫೋನನ್ನು ಮುಟ್ಟಬೇಡಿ. ನಡುವೆ ಬೇರೆ ಆ್ಯಪ್ ತೆರೆದರೆ ಕೆಲಸ ಕೆಡಬಹುದು.

ಯುಪಿಐ ಆ್ಯಪ್‌ಗಳು ಮಾತ್ರ ಹೀಗೆ ಬರುವುದಿಲ್ಲ, ಹೊಸದಾಗಿ ನೋಂದಾಯಿಸಬೇಕು. ಇಲ್ಲೇ ಬಹಳ ಜನ ತಡವರಿಸುತ್ತಾರೆ. ನಿಮ್ಮ ನಂಬರನ್ನು ಖಚಿತಪಡಿಸಲು ಫೋನಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕಲ್ಲವೆ? ಆಂಡ್ರಾಯ್ಡ್‌ನಲ್ಲಿ ಒಮ್ಮೆ ಅನುಮತಿ ಕೊಟ್ಟರೆ ಆ್ಯಪ್ ತಾನೇ ಅದನ್ನು ಕಳಿಸುತ್ತದೆ. ಐಫೋನ್‌ನಲ್ಲಿ ಮೆಸೇಜ್ ಬರೆದಿಟ್ಟ ಪರದೆ ನಿಮ್ಮ ಮುಂದೆ ತೆರೆದುಕೊಂಡು ನಿಲ್ಲುತ್ತದೆ. ಅರ್ಥವಿಲ್ಲದ ಅಕ್ಷರಗಳನ್ನು ಕಂಡು ಮೋಸವಿರಬಹುದೆಂದು ಹೆದರಿ ಮುಚ್ಚಿಬಿಡುವವರಿದ್ದಾರೆ. ನೀವೇ ತೆರೆದ ಬ್ಯಾಂಕಿನ ಆ್ಯಪ್ ಅದನ್ನು ಕೇಳಿದ್ದರೆ, ಏನನ್ನೂ ತಿದ್ದದೆ ಸೆಂಡ್ ಒತ್ತಿ. ಯಾವ ಆ್ಯಪ್ಪೂ ನಿಮಗೆ ತಿಳಿಯದಂತೆ ಮೆಸೇಜ್ ಕಳಿಸಬಾರದು, ಬಂದ ಮೆಸೇಜನ್ನು ಓದಬಾರದು ಎಂಬುದು ಐಫೋನಿನ ಕಟ್ಟುಪಾಡು. ಹಳೆಯ ವಠಾರದ ಮನೆಗಳ ಹಾಗೆ ಆ್ಯಪ್‌ಗಳು ಗೋಡೆಗೆ ಗೋಡೆ ತಾಗಿಕೊಂಡಿದ್ದರೂ, ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕೇಳದೆ ನುಗ್ಗುವಂತಿಲ್ಲ. ಓಟಿಪಿಯೂ ಅಷ್ಟೆ. ಆ್ಯಪ್ ಅದನ್ನು ತಾನೇ ಓದಿಕೊಳ್ಳುವುದಿಲ್ಲ. ಕೀಬೋರ್ಡಿನ ಮೇಲುಗಡೆ ಅಂಕಿ ಕಾಣಿಸುತ್ತದೆ, ನೀವು ಮುಟ್ಟಿದರೆ ಮಾತ್ರ ಭರ್ತಿಯಾಗುತ್ತದೆ. ಎರಡು ಬೆರಳೇಟು ಹೆಚ್ಚಾಯಿತು, ನಿಜ. ಮೆಸೇಜ್ ಕದ್ದೋದಿ ಹಣ ದೋಚುವ ಆ್ಯಪ್‌ಗಳ ಈ ಕಾಲದಲ್ಲಿ ಆ ಎರಡು ಏಟನ್ನು ನಾನು ಸಂತೋಷದಿಂದ ಸಹಿಸುತ್ತೇನೆ. ಒಂದು ಆ್ಯಪ್ ನಿಮ್ಮನ್ನು ಬೇರೆಡೆಯೂ ಹಿಂಬಾಲಿಸಲು ಒಪ್ಪಿಗೆ ಕೇಳಿದಾಗ ಧೈರ್ಯವಾಗಿ ಬೇಡ ಎನ್ನಿ. ಆ್ಯಪ್ ಎಂದಿನಂತೆ ನಡೆಯುತ್ತದೆ.

ಕನ್ನಡ ಕೀಬೋರ್ಡ್ 2017ರ ಐಒಎಸ್ 11ರಿಂದ ಫೋನಿನಲ್ಲೇ ಇದೆ. ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಮತ್ತೆ ಕೀಬೋರ್ಡ್ಸ್ ಎಂದು ಒಳಗೆ ಹೋಗಿ ಸೇರಿಸಿಕೊಳ್ಳಿ. ಟೈಪ್ ಮಾಡುವಾಗ ಗೋಳದ ಚಿತ್ರ ಒತ್ತಿದರೆ ಭಾಷೆ ಬದಲಾಗುತ್ತದೆ. ಬೇರೆ ಕಂಪನಿಯ ಕೀಬೋರ್ಡನ್ನೂ ಹಾಕಿಕೊಳ್ಳಬಹುದು, ಆದರೆ ಅದು ‘ಫುಲ್ ಆಕ್ಸೆಸ್’ ಕೇಳಿದರೆ ಒಮ್ಮೆ ಯೋಚಿಸಿ. ನೀವು ಟೈಪ್ ಮಾಡಿದ್ದೆಲ್ಲ ಕಂಪನಿಗೆ ತಲುಪಲು ಅದು ಬಾಗಿಲು ತೆರೆಯುತ್ತದೆ.

ಫೋಟೋ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಐಫೋನ್ ಸಾಮಾನ್ಯವಾಗಿ ಹೆಚ್‌ಇಐಸಿ ಎಂಬ ರೂಪದಲ್ಲಿ ಫೋಟೋ ಉಳಿಸುತ್ತದೆ. ಅರ್ಜಿಗಳಿಗೆ ಜೆಪಿಜಿ ಕೇಳುವ ಕಡೆ ಅದು ನಡೆಯದೆ ಹೋಗಬಹುದು. ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದೆ ತೆಗೆಯುವ ಫೋಟೋಗಳು ಜೆಪಿಜಿ ಆಗಿರುತ್ತವೆ. ಎರಡನೆಯದು, ಐಕ್ಲೌಡ್ ಉಚಿತವಾಗಿ ಕೊಡುವುದು 5 ಜಿಬಿ ಮಾತ್ರ. ಗೂಗಲ್ 15 ಜಿಬಿ ಕೊಡುತ್ತದೆ. ಇಷ್ಟು ಬೆಲೆಯ ಫೋನಿಗೆ ಇದು ತೀರಾ ಜಿಪುಣತನ ಎಂದೇ ನನ್ನ ಅಭಿಪ್ರಾಯ. ಐಕ್ಲೌಡ್ ತುಂಬಿದೆ ಎಂಬ ಸೂಚನೆ ಬೇಗನೆ ಬರುತ್ತದೆ. ಆಗ ಅವಸರದಲ್ಲಿ ಫೋಟೋ ಅಳಿಸಬೇಡಿ. ಐಕ್ಲೌಡ್ ಫೋಟೋಸ್ ಚಾಲೂ ಇದ್ದರೆ ಫೋನಿನಲ್ಲಿ ಅಳಿಸಿದ್ದು ಐಕ್ಲೌಡ್‌ನಿಂದಲೂ ಹೋಗುತ್ತದೆ. ತಪ್ಪಿ ಅಳಿಸಿದ್ದರೆ ‘ರೀಸೆಂಟ್ಲಿ ಡಿಲೀಟೆಡ್’ ಎಂಬಲ್ಲಿ 30 ದಿನ ಉಳಿದಿರುತ್ತದೆ, ಅಲ್ಲಿಂದ ವಾಪಸ್ ಪಡೆಯಬಹುದು.

ಬಳಸಿದ ಐಫೋನನ್ನು ಯಾರಿಂದಲಾದರೂ ಪಡೆಯುತ್ತಿದ್ದರೆ, ಅವರು ತಮ್ಮ ಆ್ಯಪಲ್ ಖಾತೆಯಿಂದ ಹೊರಬಂದು ಅಳಿಸಿಯೇ ಕೊಡಲಿ. ಇಲ್ಲದಿದ್ದರೆ ಫೋನ್ ಅವರ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ.

ನಿಮ್ಮ ಹಳೆಯ ಆಂಡ್ರಾಯ್ಡ್ ಫೋನನ್ನು ಕೂಡಲೇ ಮಾರಬೇಡಿ. ವಾಟ್ಸ್ಆ್ಯಪ್, ಯುಪಿಐ, ಕುಟುಂಬದ ಫೋಟೋಗಳು, ಎಲ್ಲವನ್ನೂ ಹೊಸದರಲ್ಲಿ ಕಣ್ಣಾರೆ ನೋಡಿಕೊಂಡ ಮೇಲೆ, ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಗೂಗಲ್ ಖಾತೆಯನ್ನು ತೆಗೆಯಿರಿ, ನಂತರ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಕೊಂಡವರಿಗೆ ಫೋನ್ ತೆರೆಯದೆ ಹೋಗಬಹುದು.