ಗೆರೆಯ ವ್ಯಂಗ್ಯ

ಕನ್ನಡದಲ್ಲಿ ಕಥೆಯನ್ನು ಬರೆಯುವಂತೆಯೇ ಚಿತ್ರವನ್ನೂ ಬರೆಯುತ್ತಾರೆ. ಒಂದೇ ಧಾತು ಎರಡಕ್ಕೂ ಒದಗಿದ್ದರೂ ವ್ಯಂಗ್ಯಚಿತ್ರವು ಸಾಹಿತ್ಯಾಭ್ಯಾಸದ ಅಂಚಿನಲ್ಲಿಯೇ ಉಳಿದಿದೆ. ಆದರೆ ಆ ಹೆಸರಿನಲ್ಲಿಯೇ ಕಾವ್ಯಮೀಮಾಂಸೆಯ ಪ್ರಶ್ನೆಯೊಂದು ಅಡಗಿದೆ. ಆನಂದವರ್ಧನನಲ್ಲಿ 'ವ್ಯಂಗ್ಯ'ವೆಂದರೆ ಧ್ವನಿತವಾಗುವ ಅರ್ಥ. ಅಂತಹ ಅರ್ಥದ ವಿವಕ್ಷೆಯಿಲ್ಲದೆ ಶಬ್ದಾರ್ಥಗಳ ವೈಚಿತ್ರ್ಯವನ್ನಷ್ಟೇ ನಂಬಿದ ರಚನೆ 'ಚಿತ್ರ'. ಶಾಸ್ತ್ರವು ಎದುರುಬದುರಾಗಿ ನಿಲ್ಲಿಸಿದ ಈ ಎರಡು ಪದಗಳನ್ನು ಕನ್ನಡವು ಒಂದೇ ಸಮಾಸದಲ್ಲಿ ಕೂಡಿಸಿದೆ.

ವಿಕೃತವಾದ ವೇಷಾದಿಗಳನ್ನು ಭರತನು ಹಾಸ್ಯದ ವಿಭಾವಗಳೆಂದು ಹೇಳಿದನು. ಅಭಿನವಗುಪ್ತನು ಅದರ ಮೂಲವನ್ನು ಅನೌಚಿತ್ಯದಲ್ಲಿ ಕಂಡನು. ಈ ವ್ಯತ್ಯಾಸವು ವ್ಯಂಗ್ಯಚಿತ್ರಕ್ಕೆ ಬಹು ಮುಖ್ಯವಾದುದು. ಮೂಗು ಉದ್ದವಾಗಿದೆಯೆಂಬುದು ಆಕಾರದ ಮಾತು. ಅಧಿಕಾರವು ತನ್ನ ಅಳತೆಯನ್ನು ಮೀರಿ ಬೆಳೆದಿದೆಯೆಂಬುದು ಅನೌಚಿತ್ಯದ ಮಾತು. ಸಮರ್ಥವಾದ ಗೆರೆಯು ಮೊದಲನೆಯದನ್ನು ಬರೆದು ಎರಡನೆಯದನ್ನು ಸೂಚಿಸುತ್ತದೆ.

ಇದಕ್ಕೆ ನಿದರ್ಶನ ಆರ್. ಕೆ. ಲಕ್ಷ್ಮಣ್ (1921-2015). ಮೈಸೂರಿನಲ್ಲಿ ಜನಿಸಿ ಮಹಾರಾಜ ಕಾಲೇಜಿನಲ್ಲಿ ಓದಿದ ಅವರು, 1942ರಲ್ಲಿ ರಾ.ಶಿ. (ಡಾ. ಎಂ. ಶಿವರಾಂ) ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆಗೆ ತಮ್ಮ ಆರಂಭದ ದಿನಗಳಲ್ಲಿ ಚಿತ್ರ ಬರೆದರು. ಮುಂದೆ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಇಂದಿರಾ ಗಾಂಧಿಯವರ ಮೂಗನ್ನು ನೀಳವಾಗಿಸಿದ್ದು ಅವರ ಕುಂಚವೇ. ಅಲ್ಲಿ ರಾಜಕಾರಣಿಗಳ ಗೆರೆಗಳು ಉಬ್ಬುತ್ತವೆ, ಬಾಗುತ್ತವೆ, ಬೀಗುತ್ತವೆ. 1951ರಿಂದ ಬಂದ 'ಯೂ ಸೆಡ್ ಇಟ್' ಅಂಕಣದ ಶ್ರೀಸಾಮಾನ್ಯನಾದರೋ ಚೌಕಳಿಯ ಕೋಟು ಧೋತರಗಳಲ್ಲಿ, ದುಂಡುಕನ್ನಡಕದ ಹಿಂದೆ, ಸುಮ್ಮನೆ ನಿಂತಿರುತ್ತಾನೆ. ಉಳಿದವರು ಆಡುತ್ತಾರೆ, ಆತನು ನೋಡುತ್ತಾನೆ. ಅವರ ಆಡಂಬರವು ಅಳತೆಗೆ ಸಿಕ್ಕುವುದು ಈ ಮೌನದ ಪಕ್ಕದಲ್ಲಿ. ಚಿತ್ರದಡಿಯ ಮಾತು ವಾಚ್ಯ, ಆತನ ಮೌನ ವ್ಯಂಗ್ಯ.

ಹಾಗೆಂದು ಗೆರೆಗೆ ಅಂಕೆಯಿಲ್ಲವೆಂದಲ್ಲ. ಮೈಬಣ್ಣ, ಅಂಗವೈಕಲ್ಯ, ಜಾತಿಚಿಹ್ನೆಗಳನ್ನು ಹಿಗ್ಗಿಸಿಯೂ ನಗೆಯನ್ನು ಹುಟ್ಟಿಸಬಹುದು. ಆದರೆ ಅಂತಹ ಗೆರೆಯು ವ್ಯಕ್ತಿಯು ಆಯ್ದುಕೊಳ್ಳದ ದೇಹದಲ್ಲಿಯೇ ನಿಂತುಬಿಡುತ್ತದೆ. ಅವನ ನಡತೆಯವರೆಗೆ ಹೋಗುವುದಿಲ್ಲ. ಅಲ್ಲಿ ವ್ಯಂಗ್ಯವು ಅಳಿದು ಶಾಸ್ತ್ರವು ಹೇಳಿದ ಬರಿಯ 'ಚಿತ್ರ' ಉಳಿಯುತ್ತದೆ. ನಕ್ಕವನಿಗೆ ಹೊಸದೇನೂ ತಿಳಿಯುವುದಿಲ್ಲ. ನಗೆಗೀಡಾದವನಿಗೆ ನೋವು ಮಾತ್ರ ಸಲ್ಲುತ್ತದೆ.

ಆದುದರಿಂದ ವ್ಯಂಗ್ಯಚಿತ್ರದ ವಿಮರ್ಶೆಯು ಹೋಲಿಕೆಯ ಪ್ರಶ್ನೆಯಲ್ಲಿ ಮುಗಿಯಲಾರದು. ಮುಖವನ್ನು ದಾಟಿ ಗೆರೆಯು ಏನನ್ನು ಧ್ವನಿಸಿತು ಎಂದು ಅದು ಕೇಳಬೇಕು. ಕಾವ್ಯವನ್ನು ಹಾಗೆ ಓದಬಲ್ಲ ಸಹೃದಯನು ಗೆರೆಯನ್ನೂ ಓದಬಲ್ಲನು.