ವರ್ಷದ ಖರ್ಚಿಗೆ ತಿಂಗಳ ಪಾಲು

ಮೇಧಾ,

ಮಳೆ ಹಿಡಿದಿದ್ದು ಬಿಡಲಿಲ್ಲ. ಅಡಿಕೆಗೆ ಎರಡನೇ ಸಲದ ಕೊಳೆ ಔಷಧಿ ಹೊಡೆಯಬೇಕು. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ. ಆಳೂ ಸಿಗಬೇಕು, ಬಿಸಿಲೂ ಬರಬೇಕು, ಎರಡೂ ಒಂದೇ ದಿನ ಆಗಬೇಕು. ಪುಟ್ಟಿಯ ಕೆಮ್ಮು ಕಡಿಮೆಯಾಯಿತೇ? ನಿನ್ನ ದೊಡ್ಡಮ್ಮ ಒಣಶುಂಠಿ ಕಟ್ಟಿಟ್ಟಿದ್ದಾಳೆ, ಬೆಂಗಳೂರಿಗೆ ಹೊರಟವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ.

ಮೊನ್ನೆ ಫೋನಿನಲ್ಲಿ, “ಇಬ್ಬರೂ ದುಡೀತೇವೆ ದೊಡ್ಡಪ್ಪಾ, ಆದರೂ ಇಪ್ಪತ್ತನೇ ತಾರೀಕಿನ ಮೇಲೆ ಕ್ರೆಡಿಟ್ ಕಾರ್ಡೇ ಗತಿ” ಎಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗಿಲ್ಲ. ನಿನ್ನ ಖರ್ಚಿನ ಲೆಕ್ಕದ ಆ್ಯಪಿನ ಬಣ್ಣದ ಚಕ್ರವನ್ನೂ ನೀನು ಕಳಿಸಿದೆ. ಚೆನ್ನಾಗಿದೆ. ಹೊರಗಿನ ಊಟಕ್ಕೆ ಹೋಗಿದ್ದು ಕೆಂಪಿನಲ್ಲಿ ಕಂಡು ನೀನು ಗಾಬರಿಯಾಗಿದ್ದೀಯ. ನನ್ನ ಕಣ್ಣಿಗೆ ಬಿದ್ದದ್ದು ಅದಲ್ಲ, ಅದರ ಪಕ್ಕದ ದೊಡ್ಡ ಹೋಳು: ಕಾರಿನ ವಿಮೆ. ಅದು ಈ ಆಗಸ್ಟಿನಲ್ಲಿ ಬರುತ್ತದೆಂದು ಹೋದ ಆಗಸ್ಟಿನಿಂದಲೂ ಗೊತ್ತಿತ್ತಲ್ಲವೇ? ಹೋಟೆಲಿಗೆ ಹೋಗುವುದು ಬಿಟ್ಟರೆ ನಾಲಿಗೆಗೆ ಬೇಜಾರು, ಅಷ್ಟೆ. ತಿಂಗಳು ಹಳ್ಳ ಹಿಡಿಯುವುದು ಇಂಥ ಗೊತ್ತಿದ್ದ ಖರ್ಚುಗಳಿಂದ.

ಅಡಿಕೆ ಮನೆಯಲ್ಲಿ ಹುಟ್ಟಿದವಳು ನೀನು. ಸುಲಿದು, ಬೇಯಿಸಿ, ಒಣಗಿಸಿ ಸೊಸೈಟಿಗೆ ಹಾಕಿ ವ್ಯಾಪಾರವಾದ ಮೇಲೆ ಅಜ್ಜನ ಕೈಗೆ ವರ್ಷದ ದುಡ್ಡು ಬರುತ್ತಿತ್ತು. ಅದು ಬಂದ ರಾತ್ರಿ ಕಿರ್ದಿ ಪುಸ್ತಕ ತೆಗೆದು ಕೂರುತ್ತಿದ್ದರು. ಮಳೆಗಾಲದ ಔಷಧಿಗೆ ಇಷ್ಟು, ಕೊನೆ ಇಳಿಸುವ ಕೊನೆಗೌಡನ ಕೂಲಿಗೆ ಇಷ್ಟು, ಸೊಪ್ಪು-ಗೊಬ್ಬರಕ್ಕೆ ಇಷ್ಟು, ನಿನ್ನಪ್ಪನ ಹಾಸ್ಟೆಲಿಗೆ ಇಷ್ಟು. ದುಡ್ಡೆಲ್ಲ ಸೊಸೈಟಿಯ ಒಂದೇ ಖಾತೆಯಲ್ಲಿ ಇರುತ್ತಿತ್ತು. ಪಾಲು ಆಗಿದ್ದು ಪುಸ್ತಕದಲ್ಲಿ ಮಾತ್ರ. ಆದರೂ ಔಷಧಿಯ ಶಿಲ್ಕಿಗೆ ಅವರು ಮದುವೆ-ಮುಂಜಿಯ ಖರ್ಚೆಂದು ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಅವರಿಗೆ ಆದಾಯ ವರ್ಷಕ್ಕೊಂದು ಸಲ, ಖರ್ಚು ತಿಂಗಳು ತಿಂಗಳು. ನಿಮ್ಮದು ತಿರುಗುಮುರುಗು: ಸಂಬಳ ತಿಂಗಳು ತಿಂಗಳು, ದೊಡ್ಡ ಖರ್ಚೆಲ್ಲ ವರ್ಷಕ್ಕೊಂದು ಸಲ. ಅಜ್ಜ ಮುಂದಕ್ಕೆ ಹಂಚುತ್ತಿದ್ದರು, ನೀನು ಮುಂಚಿತವಾಗಿ ಕೂಡಿಡಬೇಕು.

ನಿನ್ನ ಮನೆಯ ಲೆಕ್ಕವನ್ನೇ ನೀನು ಹೇಳಿದ ಅಂಕಿಗಳಲ್ಲಿ ಬರೆದು ನೋಡಿದೆ. ಕಾರಿನ ವಿಮೆ 14,400. ಜೀವವಿಮೆಯ ಕಂತು 21,600. ಆರೋಗ್ಯ ವಿಮೆ 26,400. ಗೌರಿ ಹಬ್ಬ, ದೀಪಾವಳಿಗೆ ಊರಿಗೆ ಬಂದು ಹೋಗುವುದು, ಬಟ್ಟೆಬರೆ ಎಲ್ಲ ಸೇರಿ 30,000. ಬರುವ ಮೇ ತಿಂಗಳಲ್ಲಿ ಪುಟ್ಟಿಯ ಶಾಲೆಗೆ 90,000. ಒಟ್ಟು 1,82,400. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 15,200. ಸಂಬಳ ಬಂದ ದಿನವೇ ಇಷ್ಟು ನಿಮ್ಮದಲ್ಲ. ನೀವು ಖರ್ಚು ಮಾಡಬಹುದಾದ ಸಂಬಳ ಯಾವುದು ಎಂದರೆ, ಇದು ಕಳೆದು ಉಳಿದದ್ದು. ಮೊದಲ ವರ್ಷ ಮಾತ್ರ ಸ್ವಲ್ಪ ಬಿಗಿ. ಶಾಲೆಯ ಫೀಸಿಗೆ ಸೆಪ್ಟೆಂಬರಿನಿಂದ ಶುರು ಮಾಡಿದರೆ ಸಿಗುವುದು ಒಂಬತ್ತೇ ಸಂಬಳ. ಅದೊಂದಕ್ಕೇ ತಿಂಗಳಿಗೆ 10,000 ತೆಗೆದಿಡಬೇಕು. ಆಗದಿದ್ದರೆ ಈ ದೀಪಾವಳಿಗೆ ಬಟ್ಟೆ ಬೇಡ, ನೀವು ಬನ್ನಿ ಸಾಕು.

ಈ ಲೆಕ್ಕವನ್ನು ಇಡುವುದು ಎಲ್ಲಿ ಎಂದು ಕೇಳುತ್ತೀಯ. ನಾನು ತೋಟದ ಲೆಕ್ಕಕ್ಕೆ ಬಳಸುವುದು ಗ್ನೂಕ್ಯಾಶ್ ಎಂಬ ತಂತ್ರಾಂಶ. 1998ರಿಂದ ಇದೆ, ಪುಕ್ಕಟೆ, ಕಡತ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಅದರಲ್ಲಿ ಬ್ಯಾಂಕಿನ ಉಳಿತಾಯ ಖಾತೆಯ ಕೆಳಗೆ ಮರಿಖಾತೆಗಳನ್ನು ತೆರೆಯಬಹುದು: ‘ಶಾಲೆ’, ‘ವಿಮೆ’, ‘ಹಬ್ಬ’, ಉಳಿದದ್ದಕ್ಕೆ ‘ಮನೆ’. ಸಂಬಳ ‘ಮನೆ’ಗೆ ಜಮಾ ಆಗುತ್ತದೆ, ಅಲ್ಲಿಂದ ಪಾಲುಗಳು ಮರಿಖಾತೆಗಳಿಗೆ ಹೋಗುತ್ತವೆ. ಬ್ಯಾಂಕಿನಲ್ಲಿ ಒಂದು ರೂಪಾಯಿಯೂ ಅಲ್ಲಾಡುವುದಿಲ್ಲ. ಮೇಲಿನ ಖಾತೆಯ ಮೊತ್ತ ಪಾಸ್‌ಬುಕ್ಕಿಗೆ ತಾಳೆಯಾಗುತ್ತದೆ, ಕೆಳಗೆ ಯಾವ ದುಡ್ಡು ಯಾವುದಕ್ಕೆ ಎಂದು ಕಾಣುತ್ತದೆ. ಪ್ರತಿ ತಿಂಗಳು ಅದೇ ಜಮಾ-ಖರ್ಚನ್ನು ತಾನೇ ಹಾಕುವಂತೆ ಹೇಳಿಡಲೂ ಬರುತ್ತದೆ.

ಫೋನಿನಲ್ಲೇ ಬೇಕೆಂದರೆ ವೈನ್ಯಾಬ್ ಎಂಬುದಿದೆ. ಅಮೆರಿಕದಲ್ಲಿ ಹೊಸದಾಗಿ ಮದುವೆಯಾದ ವಿದ್ಯಾರ್ಥಿಯೊಬ್ಬ ಮನೆಖರ್ಚಿಗೆಂದು ಮಾಡಿಕೊಂಡ ಸ್ಪ್ರೆಡ್‌ಶೀಟಿನಿಂದ ಬೆಳೆದದ್ದು. ಮೊತ್ತ, ತಾರೀಕು ಕೊಟ್ಟರೆ ತಿಂಗಳಿಗೆ ಎಷ್ಟು ತೆಗೆದಿಡಬೇಕೆಂದು ಅದೇ ಹೇಳುತ್ತದೆ. ಆದರೆ ಚಂದಾ ಡಾಲರಿನಲ್ಲಿ. ಉಳಿಸಲು ಹೊರಟವರು ಉಳಿತಾಯದ ಆ್ಯಪಿಗೇ ಡಾಲರು ಸುರಿಯುವುದು ನನಗೆ ಹಿಡಿಸದು. ನಿನ್ನ ಗಂಡನ ಅಭಿಪ್ರಾಯ ಬೇರೆ ಇರಬಹುದು.

ನಿನ್ನ ಈಗಿನ ಆ್ಯಪಿನದೂ ಒಂದು ತೊಂದರೆ ಇದೆ. ಅದು ಬ್ಯಾಂಕಿನ ಮೆಸೇಜು ಓದಿ ಲೆಕ್ಕ ಬರೆಯುತ್ತದೆ. ಕಾರ್ಡು ಉಜ್ಜಿದಾಗ ಒಂದು ಖರ್ಚು, ಕಾರ್ಡಿನ ಬಿಲ್ಲು ಕಟ್ಟಿದಾಗ ಅದೇ ಮತ್ತೊಂದು ಖರ್ಚು. ನೀನು ಗಂಡನ ಖಾತೆಗೆ ಹಾಕಿದ ದುಡ್ಡೂ ಖರ್ಚು. ಜುಲೈ ತಿಂಗಳ ಚಕ್ರವನ್ನು ಒಮ್ಮೆ ತಿರುಗಿ ನೋಡು, ಹಾಗೆ ಎರಡು ಸಲ ಸೇರಿದ್ದು ಸಿಕ್ಕೇ ಸಿಗುತ್ತದೆ. ಬಿಲ್ಲು ಕಟ್ಟುವುದು ಸಾಲ ತೀರಿಸುವುದು, ಹೊಸ ಖರ್ಚಲ್ಲ. ಮೆಸೇಜು ಓದುವ ಅನುಮತಿಯನ್ನೂ ತೆಗೆದುಬಿಡು. ವಾರಕ್ಕೊಮ್ಮೆ ಯುಪಿಐ ಪಟ್ಟಿ ಎದುರಿಗಿಟ್ಟುಕೊಂಡು ಕೈಯಲ್ಲೇ ಬರೆದರೆ ಅರ್ಧ ತಾಸು ಸಾಕು.

ಖಾತೆಗಳು ಮಾತ್ರ ಕಡಿಮೆ ಇರಲಿ. ನಾನು ಶುರುವಿಗೆ ಸೋಪು, ಬೆಂಕಿಪೊಟ್ಟಣಕ್ಕೆಲ್ಲ ಖಾತೆ ತೆರೆದು, ಬರೆಯಲು ಬೇಜಾರಾಗಿ ಎರಡೇ ತಿಂಗಳಿಗೆ ಕೈಬಿಟ್ಟಿದ್ದೆ. ಮತ್ತೆ, ಯಾವ ಆ್ಯಪಾದರೂ ವರ್ಷಕ್ಕೊಮ್ಮೆ ಲೆಕ್ಕವನ್ನೆಲ್ಲ ಸಿಎಸ್‌ವಿ ಕಡತವಾಗಿ ಇಳಿಸಿಟ್ಟುಕೊಳ್ಳಿ. ಅಮೆರಿಕದಲ್ಲಿ ಅಷ್ಟು ಹೆಸರಾಗಿದ್ದ ಮಿಂಟ್ ಎಂಬ ಲೆಕ್ಕದ ಆ್ಯಪ್ ಕೂಡ 2024ರ ಮಾರ್ಚಿನಲ್ಲಿ ಬಾಗಿಲು ಹಾಕಿತು.

ಒಂದು ಮಾತು ಹೇಳಲೋ ಬೇಡವೋ ಎಂದು ಯೋಚಿಸಿದೆ. ಲೆಕ್ಕ ನೀನೊಬ್ಬಳೇ ಇಡಬೇಡ. ಬರೆಯುವವಳು ಒಬ್ಬಳು, ಖರ್ಚು ಮಾಡುವವರು ಇಬ್ಬರು ಎಂದಾದರೆ ಲೆಕ್ಕ ಹೋಗಿ ಜಗಳವಾಗುತ್ತದೆ. ಅಳಿಯಂದಿರಿಗೂ ಆ ಮರಿಖಾತೆಗಳು ಕಾಣಲಿ, ‘ಶಾಲೆ’ಯಲ್ಲಿ ಎಷ್ಟಾಯಿತೆಂದು ಅವರ ಬಾಯಲ್ಲೂ ಬರಲಿ.

ಸೆಪ್ಟೆಂಬರಿನ ಸಂಬಳ ಬಂದ ದಿನ, ಬಾಡಿಗೆ ಕಟ್ಟುವುದಕ್ಕೂ ಮೊದಲು, ಇಬ್ಬರೂ ಕೂತು ಪಾಲು ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ರಾತ್ರಿ ಎಂಟರ ಮೇಲೆ ಫೋನ್ ಮಾಡು, ಹಗಲು ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ