ವಿಮಾನದ ಲೆಕ್ಕ ಮನೆ ಬಾಗಿಲಿನಿಂದ ಹಾಕಿ

2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಯಿಂದ ಬೆಂಗಳೂರಿಗೆ ವಿಮಾನ ಶುರುವಾದ ಮೇಲೆ ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯವರಿಗೂ ಹಾರುವ ಆಸೆ ಬಂದಿದೆ. ಸಂತೋಷವಾಗಿ ಹೋಗಿಬನ್ನಿ. ಚೀಟಿ ತೆಗೆಸುವ ಮುಂಚೆ ಈ ಮಾತುಗಳನ್ನು ಒಂದು ಸಲ ಕೇಳಿಸಿಕೊಳ್ಳಿ.

• ಫೋನಿನಲ್ಲಿ ತೋರಿಸುವ ದೂರಕ್ಕೆ ಮರುಳಾಗಬೇಡಿ. ಶಿವಮೊಗ್ಗದಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಸುಮಾರು 240 ಕಿ.ಮೀ., ಹೆಚ್ಚುಕಮ್ಮಿ ಒಂದು ಗಂಟೆಯ ಹಾರಾಟ. ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಎಳೆದ ನೇರ ಗೆರೆ. ನಿಮ್ಮ ಮನೆಯಿಂದ ನಿಲ್ದಾಣಕ್ಕೆ ಎಷ್ಟು ಹೊತ್ತು, ಅಲ್ಲಿ ಕಾಯುವುದೆಷ್ಟು, ಇಳಿದ ಮೇಲೆ ಊರು ಸೇರುವುದೆಷ್ಟು, ಎಲ್ಲವನ್ನೂ ಕೂಡಿಸಿ.

• ಅರಸೀಕೆರೆಯವರು ಬೆಂಗಳೂರಿಗೆ ಹೋಗಲು ರೈಲನ್ನೇ ಹತ್ತಿ. ವಿಮಾನಕ್ಕಾದರೆ ಕಡೂರು, ಬೀರೂರು, ತರೀಕೆರೆ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಉಲ್ಟಾ ದಾರಿ ಹಿಡಿಯಬೇಕು. ಅಷ್ಟರಲ್ಲಿ ರೈಲು 166 ಕಿ.ಮೀ. ಓಡಿ ನಿಮ್ಮನ್ನು ಮೆಜೆಸ್ಟಿಕ್ಕಿನಲ್ಲಿ ಇಳಿಸಿರುತ್ತದೆ, ದುಡ್ಡೂ ಉಳಿದಿರುತ್ತದೆ. ದೂರದ ಊರಿಗೆ ಹೋಗುವುದಿದ್ದರೆ ಶಿವಮೊಗ್ಗದಿಂದ ಯಾವ ವಾರ ವಿಮಾನವಿದೆ ಎಂದು ವಿಚಾರಿಸಿಕೊಳ್ಳಿ.

• ದೇವನಹಳ್ಳಿಯಲ್ಲಿ ವಿಮಾನ ಹತ್ತುವವರು ಯಶವಂತಪುರದಲ್ಲೇ ರೈಲಿಳಿಯಿರಿ. ನಿಲ್ದಾಣದ ದಾರಿಯಲ್ಲಿರುವ ಹೆಬ್ಬಾಳ ಅಲ್ಲಿಂದ ಹತ್ತಿರ.

• ಬೇಲೂರಿನವರು ಮಂಗಳೂರಿನ ಬಜ್ಪೆಗೆ ಹೋಗುವುದಾದರೆ ಮಳೆಗಾಲದಲ್ಲಿ ಹಿಂದಿನ ದಿನವೇ ಘಾಟಿ ಇಳಿದುಬಿಡಿ. ಶಿರಾಡಿಯಲ್ಲಿ ಗುಡ್ಡ ಜಾರಿದರೆ ಅರ್ಧ ದಾರಿಯಲ್ಲೇ ನಿಲ್ಲಬೇಕಾಗುತ್ತದೆ, ಚಾರ್ಮಾಡಿಯೂ ಹಾಗೇ. ನೆಂಟರ ಮನೆಯಲ್ಲಿ ಒಂದು ರಾತ್ರಿ ಇರಲು ಸಂಕೋಚ ಪಡಬೇಡಿ.

• ಇನ್ನು ಕೊಬ್ಬರಿ. ಇದನ್ನು ಎಷ್ಟು ಸಲ ಹೇಳಿದರೂ ಮರೆಯುತ್ತೀರಿ! ನಮ್ಮ ಸೀಮೆಯ ಗಿಟುಕು ಮಗಳ ಮನೆಗೆ ಒಯ್ಯಬೇಕೆನ್ನುವುದು ಒಳ್ಳೆಯ ಮನಸ್ಸೇ. ಆದರೆ ವಿಮಾನದಲ್ಲಿ ಅದನ್ನು ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಭಯವಿದೆ. ಆರಿಸಿ ತುಂಬಿದ್ದನ್ನೆಲ್ಲ ಅಲ್ಲೇ ಬಿಟ್ಟು ಹೋಗುವಾಗ ಹೊಟ್ಟೆ ಉರಿಯುತ್ತದೆ. ರೈಲಿನಲ್ಲಿ ಹೋಗುವವರ ಕೈಯಲ್ಲಿ ಕಳಿಸಿ.

• ಅಡಕತ್ತರಿ, ಚಾಕು ದೊಡ್ಡ ಪೆಟ್ಟಿಗೆಗೆ ಹಾಕಿ. ತುಪ್ಪ, ಉಪ್ಪಿನಕಾಯಿಯನ್ನೂ ಬಾಯಿ ಬಿಗಿದು ಅದರಲ್ಲೇ ಇಡಿ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಫೋನಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ.

• ಪರದೇಶದಿಂದ ಬಂದ ಮೊಮ್ಮಕ್ಕಳಿಗೆ ಬೇಲೂರು, ಹಳೇಬೀಡು ತೋರಿಸಿ, ತೋರಿಸಲೇಬೇಕು. ಆದರೆ ವಿಮಾನ ಹತ್ತುವ ದಿನ ಬೇಡ. ಎರಡೂ ಊರಿನ ನಡುವೆ 16 ಕಿ.ಮೀ. ಅಷ್ಟೇ ಅನ್ನುತ್ತೀರಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಒಂದೊಂದು ಮದನಿಕೆಯ ಮುಂದೆ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹೊರಟ ಮೇಲೆ ನೆಲಮಂಗಲದಲ್ಲಿ ಭಾನುವಾರ ಸಂಜೆಯ ವಾಹನ ಸಂದಣಿ ಬೇರೆ ಇದೆ.

• ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವದ ಚೀಟಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಬೇಡಿ. ದೇವನಹಳ್ಳಿಯಲ್ಲಿ ಮಂಜು ಕವಿದರೆ ತಡವಾಗುತ್ತದೆ. ಮುಂದಿನ ವಿಮಾನಕ್ಕೆ ನಡುವೆ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ.

• ಹೊರಡುವ ಗಂಟೆಗೆ ಸರಿಯಾಗಿ ಹೋದರೆ ಆಗದು. ಸಾಮಾನು ತೆಗೆದುಕೊಳ್ಳುವುದನ್ನು ಸುಮಾರು 60 ನಿಮಿಷ ಮೊದಲೇ ನಿಲ್ಲಿಸುತ್ತಾರೆ.

• ಆಧಾರ್ ಕಾರ್ಡನ್ನು ಸೀರೆಗಳ ಅಡಿಗೆ ಇಟ್ಟು ಪೆಟ್ಟಿಗೆಗೆ ಬೀಗ ಹಾಕಬೇಡಿ. ನಿಲ್ದಾಣದ ಬಾಗಿಲಲ್ಲೇ ಕೇಳುತ್ತಾರೆ, ಕೈಗೆ ಸಿಗುವಂತಿರಲಿ.